ಮನೆ ಬಿಟ್ಟು ಹೋಗದ ಭಕ್ತಿ

ನಿಮ್ಮ ಮನೆಯಲ್ಲಿ ಹಳೆಯ ಕುರ್‌ಆನ್ ಪ್ರತಿಯ ಹಾಳೆಗಳು ಹರಿದು ಬಿಡಿಬಿಡಿಯಾದರೆ ಏನು ಮಾಡುತ್ತೀರಿ? ಕಸದ ಬುಟ್ಟಿಗಂತೂ ಹಾಕುವುದಿಲ್ಲ. ಬಟ್ಟೆಯಲ್ಲಿ ಸುತ್ತಿ ಕಪಾಟಿನ ಮೇಲೆ ಇಡುತ್ತೀರಿ, ಇಲ್ಲವೇ ಮಸೀದಿಗೆ ಕಳುಹಿಸುತ್ತೀರಿ. ಅರಬಿ ಅಕ್ಷರವಿರುವ ಒಂದು ತುಂಡು ಕಾಗದ ಅಂಗಳದಲ್ಲಿ ಬಿದ್ದಿದ್ದರೆ ನಮ್ಮ ಅಜ್ಜಿಯಂದಿರು ಅದನ್ನು ಹೆಕ್ಕಿ, ಕಣ್ಣಿಗೊತ್ತಿಕೊಂಡು, ಗೋಡೆಯ ಸಂದಿಯಲ್ಲಿ ಸಿಕ್ಕಿಸುತ್ತಿದ್ದರು. ಅದು ಉಪ್ಪಿನಕಾಯಿ ಭರಣಿಯ ಲೇಬಲೇ ಆಗಿದ್ದರೂ ಅವರಿಗೆ ಅದು ಗೌರವದ ಅಕ್ಷರ.

ಈಜಿಪ್ಟಿನ ಯಹೂದಿಗಳಿಗೂ ಇಂಥದೇ ಒಂದು ರೂಢಿಯಿತ್ತು. ದೇವನ ಹೆಸರು ಬರೆದಿರಬಹುದಾದ ಯಾವ ಕಾಗದವನ್ನೂ ಅವರು ಎಸೆಯುತ್ತಿರಲಿಲ್ಲ. ಈಗಿನ ಕೈರೋ ನಗರದ ಭಾಗವಾಗಿರುವ ಫುಸ್ತಾತ್‌ನ ಒಂದು ಯಹೂದಿ ಆರಾಧನಾಲಯದಲ್ಲಿ ಅದಕ್ಕೆಂದೇ ಒಂದು ಕೋಣೆಯಿತ್ತು. ಅದನ್ನು ಗೆನೀಝಾ ಎನ್ನುತ್ತಾರೆ. ಸುಮಾರು ಸಾವಿರ ವರ್ಷ ಕಾಲ ಅದರೊಳಗೆ ಕಾಗದಗಳು ಬೀಳುತ್ತಲೇ ಇದ್ದವು. ಧರ್ಮಗ್ರಂಥದ ಹಾಳೆಗಳ ಜೊತೆಗೆ ಮದುವೆಯ ಕರಾರು, ಅಂಗಡಿಯ ಲೆಕ್ಕ, ಔಷಧದ ಚೀಟಿ, ಅತ್ತೆ-ಸೊಸೆಯರ ದೂರು, ದೂರದ ಗಂಡನಿಗೆ ಬರೆದ ಪತ್ರ ಎಲ್ಲವೂ ಅಲ್ಲಿ ಸೇರಿದವು.

1896ರಲ್ಲಿ ಆಗ್ನೆಸ್ ಲೂಯಿಸ್ ಮತ್ತು ಮಾರ್ಗರೆಟ್ ಗಿಬ್ಸನ್ ಎಂಬ ಅವಳಿ ಸಹೋದರಿಯರು ತಮ್ಮ ಪ್ರಯಾಣದಲ್ಲಿ ಕೊಂಡ ಕೆಲವು ಹಾಳೆಗಳನ್ನು ಇಂಗ್ಲೆಂಡಿನ ಕೇಂಬ್ರಿಜ್‌ಗೆ ತಂದರು. ಇಬ್ಬರೂ ಪ್ರಾಚೀನ ಭಾಷೆಗಳನ್ನು ಮನೆಯಲ್ಲೇ ಶ್ರದ್ಧೆಯಿಂದ ಕಲಿತವರು. ಆ ಹಾಳೆಗಳನ್ನು ನೋಡಿದ ವಿದ್ವಾಂಸ ಸೊಲೊಮನ್ ಶೆಕ್ಟರ್ ಆ ಚಳಿಗಾಲದಲ್ಲೇ ಕೈರೋಗೆ ಹೋಗಿ ಸುಮಾರು ಎರಡು ಲಕ್ಷ ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದರು. ನಮ್ಮ ಮಂಗಳೂರಿನ ಹೆಸರೂ ಅವುಗಳಲ್ಲಿದೆ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ 12ನೇ ಶತಮಾನದಲ್ಲಿ ಹಲವು ವರ್ಷ ಮಂಗಳೂರಿನಲ್ಲಿ ನೆಲೆಸಿ ವ್ಯಾಪಾರ ಮಾಡಿದ್ದರು. ಅವರ ಪತ್ರಗಳೂ, ಅವರ ಬಳಿಯಿದ್ದ ಬೊಮ್ಮ ಎಂಬ ಆಳಿನ ಹೆಸರೂ ಅದೇ ಕೋಣೆಯಲ್ಲಿ ಉಳಿದು ಬಂದಿವೆ.

ಅದೇ ಕೋಣೆಯಲ್ಲಿ ಒಬ್ಬರ ಕೈಬರಹದ ಪುಟ್ಟ ಪುಟ್ಟ ಚೀಟಿಗಳು ಸಿಕ್ಕಿವೆ. ಇಂಥವರಿಗೆ ಇಷ್ಟು ಹಣ ಕೊಡಿ, ಆ ಬಡವನಿಗೆ ಇಷ್ಟು ಸಲ್ಲಿಸಿ ಎಂಬ ಅಪ್ಪಣೆಗಳು. ಅವುಗಳನ್ನು ಬರೆದವರು ರಬ್ಬಿ, ಅಂದರೆ ಯಹೂದಿ ಧರ್ಮಪಂಡಿತರು. ವೃತ್ತಿಯಿಂದ ವೈದ್ಯರು. ಮನಸ್ಸಿನಿಂದ ದೇವನ ಸಾಮೀಪ್ಯಕ್ಕಾಗಿ ಹಂಬಲಿಸಿದ ಸಾಧಕರು. ಹೆಸರು ಇಬ್ರಾಹೀಮ್ ಇಬ್ನು ಮೂಸಾ. ಈ ತಿಂಗಳು ಅವರ ಬದುಕಿನ ಕಥೆಯನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ಯಹೂದಿ ಎಂಬ ಪದ ಕೇಳಿದೊಡನೆ ನಿಮ್ಮ ಮನಸ್ಸು ಭಾರವಾಗಿರಬಹುದು. ಪ್ಯಾಲೆಸ್ತೀನಿನ ಮಕ್ಕಳ ಮುಖ ಕಣ್ಣೆದುರು ಬಂದಿರಬಹುದು. ಆ ನೋವು ನಿಜವಾದುದು, ಅದನ್ನು ಯಾರೂ ಮರೆಯಬೇಕಾಗಿಲ್ಲ. ಆದರೆ ಎಲ್ಲೋ ಯಾರೋ ಮಾಡಿದ ಕೃತ್ಯಕ್ಕೆ ನಮ್ಮ ಮಕ್ಕಳನ್ನು ಶಾಲೆಯಲ್ಲಿ, ಬಸ್ಸಿನಲ್ಲಿ ಯಾರಾದರೂ ಪ್ರಶ್ನಿಸಿದಾಗ ನಮಗೆ ಎಷ್ಟು ನೋವಾಗುತ್ತದೆಂದು ನಮಗೆ ಗೊತ್ತು. ಒಂದು ಸರಕಾರ ಎಸಗುವ ಅನ್ಯಾಯವನ್ನು ಒಂದು ಸಮುದಾಯದ ಎಲ್ಲರ ತಲೆಗೂ, ಎಂಟು ಶತಮಾನಗಳ ಹಿಂದಿನವರ ತಲೆಗೂ ಕಟ್ಟುವುದು ನ್ಯಾಯವಲ್ಲ. ಸಿಟ್ಟಿನಲ್ಲಿಯೂ ನ್ಯಾಯ ಕೈಬಿಡಬಾರದೆಂಬ ಪಾಠವನ್ನು ನಾವು ಚಿಕ್ಕಂದಿನಲ್ಲೇ ಕಲಿತವರಲ್ಲವೇ?

ಇಬ್ರಾಹೀಮರ ಕುಟುಂಬ ಸ್ಪೇನ್‌ನ ಕುರ್ತುಬಾದ್ದು, ಅಂದರೆ ಈಗಿನ ಕಾರ್ಡೋಬಾ. ತಂದೆ ಮೂಸಾ ಇಬ್ನು ಮೈಮೂನ್ ಜಗತ್ತಿನ ದೊಡ್ಡ ಯಹೂದಿ ವಿದ್ವಾಂಸರಲ್ಲೊಬ್ಬರು. ಯುರೋಪಿನವರು ಅವರನ್ನು ಮೈಮೊನಿಡಿಸ್ ಎಂದು ಕರೆಯುತ್ತಾರೆ. 1148ರಲ್ಲಿ ಮುವಹ್ಹಿದರ ಸೇನೆ ಕುರ್ತುಬಾವನ್ನು ವಶಪಡಿಸಿಕೊಂಡಾಗ ಅಲ್ಲಿನ ಯಹೂದಿಗಳೂ ಕ್ರೈಸ್ತರೂ ತಮ್ಮ ಧರ್ಮದೊಂದಿಗೆ ನೆಮ್ಮದಿಯಾಗಿ ಬದುಕುವುದು ಅಸಾಧ್ಯವಾಯಿತು. ಆ ಆಳರಸರು ಮುಸ್ಲಿಮರಾಗಿದ್ದರು ಎಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಕುಟುಂಬ ಊರೂರು ಅಲೆದು, ಮೊರಾಕ್ಕೋದ ಫಾಸ್ ನಗರದಲ್ಲಿ ಕೆಲವು ವರ್ಷ ಕಳೆದು, ಕೊನೆಗೆ ಈಜಿಪ್ಟ್ ತಲುಪಿತು. ಅಲ್ಲಿ ಅವರಿಗೆ ಆಸರೆ ಕೊಟ್ಟು, ಗೌರವದ ಸ್ಥಾನ ನೀಡಿದವರೂ ಮುಸ್ಲಿಮರೇ. ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯ ಮಂತ್ರಿ ಅಲ್ ಖಾದಿ ಅಲ್ ಫಾದಿಲ್ ಮೂಸಾರನ್ನು ತಮ್ಮ ವೈದ್ಯರನ್ನಾಗಿ ಮಾಡಿಕೊಂಡರು.

ಮೂಸಾರಿಗೆ ದಾವೂದ್ ಎಂಬ ತಮ್ಮನಿದ್ದ. ರತ್ನ ವ್ಯಾಪಾರಿ. ಅವನ ದುಡಿಮೆಯಿಂದಲೇ ಅಣ್ಣ ನಿಶ್ಚಿಂತೆಯಿಂದ ಓದುತ್ತಾ ಬರೆಯುತ್ತಾ ಇದ್ದರು. ನಮ್ಮ ಭಾರತದ ಕಡೆ ಹೊರಟಿದ್ದ ಆ ತಮ್ಮ ಹಿಂದೂ ಮಹಾಸಾಗರದಲ್ಲಿ ಮುಳುಗಿ ತೀರಿಕೊಂಡ. ಬೇರೆಯವರ ಹಣವೂ ಅವನ ಜೊತೆಗೆ ಮುಳುಗಿತು. ಅವನ ಹೆಂಡತಿ ಮತ್ತು ಪುಟ್ಟ ಮಗಳು ಅಣ್ಣನ ಮಡಿಲಿಗೆ ಬಿದ್ದರು. ಮೂಸಾ ಸುಮಾರು ಒಂದು ವರ್ಷ ಹಾಸಿಗೆ ಹಿಡಿದರು. ಎದ್ದ ಮೇಲೆ ಹೊಟ್ಟೆಪಾಡಿಗಾಗಿ ವೈದ್ಯವೃತ್ತಿಯನ್ನು ನೆಚ್ಚಿಕೊಂಡರು.

ಇಂಥ ಮನೆಯಲ್ಲಿ 1186ರಲ್ಲಿ ಇಬ್ರಾಹೀಮ್ ಜನಿಸಿದರು. ತಂದೆಗೆ ಆಗಲೇ ಐವತ್ತು ಸಮೀಪಿಸಿತ್ತು. ಅವರೊಬ್ಬರೇ ಮಗ.

ಆ ಬಾಲಕ ಮನೆಯಲ್ಲಿ ಏನನ್ನು ನೋಡುತ್ತಾ ಬೆಳೆದ ಎಂಬುದನ್ನು ತಂದೆಯ 1199ರ ಒಂದು ಪತ್ರದಿಂದ ತಿಳಿಯಬಹುದು. ತನ್ನ ಗ್ರಂಥವನ್ನು ಅನುವಾದಿಸುತ್ತಿದ್ದ ವಿದ್ವಾಂಸರೊಬ್ಬರು ಭೇಟಿಗೆ ಬರುತ್ತೇನೆಂದಾಗ, ಬಂದರೆ ಮಾತನಾಡಲು ಒಂದು ಗಳಿಗೆಯೂ ಸಿಗಲಾರದೆಂದು ಮೂಸಾ ತನ್ನ ದಿನಚರಿಯನ್ನೇ ಬರೆದು ಕಳುಹಿಸಿದ್ದರು. ಮುಂಜಾನೆ ಫುಸ್ತಾತ್‌ನಿಂದ ಕೈರೋ ಅರಮನೆಗೆ ಪ್ರಯಾಣ. ಅಲ್ಲಿ ರೋಗಿಗಳಿದ್ದರೆ ದಿನದ ಬಹುಪಾಲು ಅಲ್ಲೇ. ಹಸಿದು ಮನೆಗೆ ಬಂದರೆ ಜಗಲಿ ತುಂಬಾ ಜನ. ಅವರಲ್ಲಿ ಯಹೂದಿಗಳೂ ಇದ್ದರು, ಇತರರೂ ಇದ್ದರು, ದೊಡ್ಡವರೂ ಬಡವರೂ ಇದ್ದರು. ಕೈ ತೊಳೆದು, ಒಂದು ತುತ್ತು ಉಂಡು ಬರುತ್ತೇನೆಂದು ಅವರಲ್ಲಿ ಕ್ಷಮೆ ಕೇಳಿ, ದಿನಕ್ಕೊಂದೇ ಊಟ ಮುಗಿಸಿ, ರಾತ್ರಿಯವರೆಗೆ ಔಷಧ ಬರೆದು ಕೊಡುವುದು. ದಣಿವಿನಿಂದ ಕೂರಲಾಗದೆ ಮಲಗಿಕೊಂಡೇ ರೋಗಿಗಳೊಡನೆ ಮಾತನಾಡಿದ ದಿನಗಳೂ ಇದ್ದವು.

ಆಗ ಮಗನ ವಯಸ್ಸು ಹದಿಮೂರು. ಮಕ್ಕಳಿಗೆ ನಾವು ಹೇಳುವ ಉಪದೇಶ ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೋಗಬಹುದು. ಅವರು ಜಗಲಿಯಲ್ಲಿ ಕಂಡದ್ದು ಮಾತ್ರ ಉಳಿಯುತ್ತದೆ. ಲೋಕದ ಜಂಜಾಟದಲ್ಲಿ ತನಗಿರುವ ಸಮಾಧಾನಗಳಲ್ಲಿ ಈ ಮಗನೂ ಒಬ್ಬನೆಂದು, ಅವನ ವಿನಯವನ್ನೂ ಚುರುಕು ಬುದ್ಧಿಯನ್ನೂ ಮೆಚ್ಚಿ ತಂದೆ ತನ್ನ ಶಿಷ್ಯನೊಬ್ಬನಿಗೆ ಬರೆದಿದ್ದರು.

1201-02ರಲ್ಲಿ ನೈಲ್ ನದಿ ತುಂಬಿ ಬಾರದೆ ಈಜಿಪ್ಟ್ ಭೀಕರ ಬರ ಕಂಡಿತು. ಹಸಿವಿನಿಂದಲೂ ರೋಗದಿಂದಲೂ ಜನ ಬೀದಿಗಳಲ್ಲಿ ಸತ್ತರು. ಎರಡು ವರ್ಷಗಳ ಬಳಿಕ, 1204ರಲ್ಲಿ ತಂದೆ ನಿಧನರಾದರು. ಇಬ್ರಾಹೀಮರಿಗೆ ಆಗ ಹದಿನೆಂಟು. ಅದರ ಬೆನ್ನಿಗೇ ಈಜಿಪ್ಟಿನ ಯಹೂದಿಗಳ ನಾಯಕತ್ವ ಅವರ ಹೆಗಲಿಗೆ ಬಂತು. ಅರಬಿಯಲ್ಲಿ ಆ ಹುದ್ದೆಗೆ ರಈಸುಲ್ ಯಹೂದ್ ಎಂದೂ ಹೀಬ್ರೂವಿನಲ್ಲಿ ನಗೀದ್ ಎಂದೂ ಹೆಸರು. ನಮ್ಮ ಮನೆಗಳಲ್ಲಿ ಆ ವಯಸ್ಸಿನ ಹುಡುಗ ಕಾಲೇಜಿನ ಫೀಸಿಗಾಗಿ ತಂದೆಯ ಮುಖ ನೋಡುತ್ತಿರುತ್ತಾನೆ!

ಮುಂದಿನ ಮೂರು ದಶಕಗಳ ಕಾಲ ಅವರಿಗೆ ವಿಶ್ರಾಂತಿ ಇರಲಿಲ್ಲ. ಮದುವೆ, ತಲಾಖ್, ಆಸ್ತಿ ಜಗಳಗಳ ತೀರ್ಪು ಅವರದು. ಅನಾಥರು, ವಿಧವೆಯರು, ಊರು ಬಿಟ್ಟು ಬಂದ ನಿರ್ಗತಿಕರ ಖರ್ಚು-ವೆಚ್ಚದ ಹೊಣೆ ಅವರದು. ಸುಲ್ತಾನ್ ಅಲ್ ಕಾಮಿಲ್‌ರಿಗೆ ವೈದ್ಯರು ಅವರು. ಕೈರೋದ ಆಸ್ಪತ್ರೆಯಲ್ಲಿಯೂ ರೋಗಿಗಳನ್ನು ನೋಡುತ್ತಿದ್ದರು. ವೈದ್ಯರ ಚರಿತ್ರೆ ಬರೆದು ಹೆಸರಾದ ಮುಸ್ಲಿಂ ವೈದ್ಯ ಇಬ್ನು ಅಬೀ ಉಸೈಬಿಆ ಅವರನ್ನು ಕೈರೋದಲ್ಲಿ ಕಣ್ಣಾರೆ ಕಂಡಿದ್ದರು. ಎತ್ತರದ, ಸಣಕಲು ದೇಹದ ಹಿರಿಯರು, ಬೆರೆಯಲು ಹಿತವಾದವರು, ಮಾತು ಇಂಪು, ವೈದ್ಯಕೀಯದಲ್ಲಿ ನಿಪುಣರು ಎಂದು ತಮ್ಮ ಗ್ರಂಥದಲ್ಲಿ ಅವರನ್ನು ಮೆಚ್ಚಿ ಬರೆದಿದ್ದಾರೆ.

ಇಷ್ಟೆಲ್ಲ ಓಡಾಟದ ನಡುವೆ ಅವರ ಮನಸ್ಸು ಬೇರೊಂದು ಕಡೆಗೆ ಸೆಳೆಯುತ್ತಿತ್ತು.

ಆ ಕಾಲದ ಕೈರೋ ಸೂಫಿಗಳ ನಗರವೂ ಆಗಿತ್ತು. ಸಲಾಹುದ್ದೀನ್ ಅವರಿಗಾಗಿ ಖಾನ್‌ಖಾಹ್ ಸ್ಥಾಪಿಸಿದ್ದರು. ಪ್ರಸಿದ್ಧ ಸೂಫಿ ಕವಿ ಇಬ್ನುಲ್ ಫಾರಿದ್ ಅದೇ ನಗರದಲ್ಲಿ, ಅದೇ ವರ್ಷಗಳಲ್ಲಿ ಬದುಕಿದ್ದರು. ರಾತ್ರಿ ಎಚ್ಚರವಿದ್ದು ಆರಾಧಿಸುವ, ಒರಟು ಬಟ್ಟೆ ಉಡುವ, ಸಿಕ್ಕಿದ್ದರಲ್ಲಿ ತೃಪ್ತಿ ಪಡುವ ಆ ಜನರನ್ನು ಇಬ್ರಾಹೀಮ್ ದೂರದಿಂದ ನೋಡಿ ಮರೆಯಲಿಲ್ಲ, ತಮ್ಮ ಜನರಲ್ಲೂ ಇಂಥ ಭಕ್ತಿ ಇದ್ದಿತಲ್ಲ, ಅದೆಲ್ಲಿ ಹೋಯಿತು ಎಂದು ಯೋಚಿಸಿದರು. ಯಹೂದಿಗಳ ಆಧ್ಯಾತ್ಮಿಕ ಮಾರ್ಗವೆಂದರೆ ಇಂದು ಹೆಚ್ಚಿನವರಿಗೆ ನೆನಪಾಗುವುದು ಕಬ್ಬಾಲಾ. ಅದು ಹೆಚ್ಚಾಗಿ ಆ ಕಾಲದ ಫ್ರಾನ್ಸ್, ಸ್ಪೇನ್‌ಗಳಲ್ಲಿ ಬೆಳೆದದ್ದು. ಈಜಿಪ್ಟಿನಲ್ಲಿ ಇಬ್ರಾಹೀಮ್ ಮತ್ತು ಅವರ ಸಂಗಡಿಗರು ನಡೆದ ದಾರಿ ಬೇರೆಯೇ ಆಗಿತ್ತು.

ಅವರು ಬರೆದ ದೊಡ್ಡ ಗ್ರಂಥದ ಹೆಸರು ‘ಕಿಫಾಯತುಲ್ ಆಬಿದೀನ್’. ದೇವನ ಆರಾಧಕರಿಗೆ ಸಾಕಾಗುವಷ್ಟು ಮಾರ್ಗದರ್ಶನ ಎಂದು ಅದರ ಅರ್ಥ. ಭಾಷೆ ಅರಬಿ, ಬರೆದದ್ದು ಹೀಬ್ರೂ ಅಕ್ಷರಗಳಲ್ಲಿ. ಅದರ ಒಂದು ಭಾಗ ಮಾತ್ರ ಕಾಲದ ಹೊಡೆತದಿಂದ ಉಳಿದಿದೆ. ಆ ಭಾಗದ ಅಧ್ಯಾಯಗಳ ವಿಷಯ ಕೇಳಿದರೆ ನೀವು ಅಚ್ಚರಿಪಡುತ್ತೀರಿ. ದೇವನ ಮೇಲಿನ ಭರವಸೆ, ಖನಾಅತ್ ಅಂದರೆ ಇದ್ದುದರಲ್ಲಿ ತೃಪ್ತಿ, ಝುಹ್ದ್ ಅಂದರೆ ಲೋಕದ ಮೋಹದಿಂದ ದೂರ, ಮುಜಾಹದಾ ಅಂದರೆ ಮನಸ್ಸಿನೊಂದಿಗೆ ಹೋರಾಟ, ಖಲ್ವತ್ ಅಂದರೆ ಏಕಾಂತ. ಕರುಣೆ, ಔದಾರ್ಯ, ಸೌಮ್ಯತೆ, ವಿನಯಗಳಿಗೂ ಒಂದೊಂದು ಅಧ್ಯಾಯ. ಸೂಫಿ ಗುರು ಶಿಷ್ಯನಿಗೆ ಹೊದಿಸುವ ಖಿರ್ಖಾ ವಸ್ತ್ರವನ್ನು ಕಂಡಾಗ ಅವರಿಗೆ ಪ್ರವಾದಿ ಇಲ್ಯಾಸ್(ಅ)ರು ತಮ್ಮ ಶಿಷ್ಯ ಅಲ್‌ಯಸಅ(ಅ)ರಿಗೆ ಮೇಲುವಸ್ತ್ರ ಹೊದಿಸಿದ ಪ್ರಸಂಗ ನೆನಪಾಗುತ್ತದೆ. ನಮ್ಮ ಹಿರಿಯರ ಸೊತ್ತು ನಮ್ಮ ಕೈಜಾರಿತು, ನೆರೆಯವರು ಅದನ್ನು ಜೋಪಾನ ಮಾಡಿದ್ದಾರೆ ಎಂಬುದು ಅವರ ಕೊರಗು.

ನೆರೆಯವರಲ್ಲಿ ಒಳ್ಳೆಯದನ್ನು ಕಂಡಾಗ ಹೊಟ್ಟೆಕಿಚ್ಚು ಪಡದೆ, ಹೀಗಳೆಯದೆ, ನಮ್ಮಲ್ಲಿ ಏನು ಕಡಿಮೆಯಾಗಿದೆ ಎಂದು ಕೇಳಿಕೊಳ್ಳುವುದು ಎಷ್ಟು ಕಷ್ಟದ ಕೆಲಸ! ಅವರು ತಮ್ಮ ಧರ್ಮವನ್ನು ಬಿಡಲಿಲ್ಲ. ಕೊನೆಯ ಉಸಿರಿನವರೆಗೂ ಯಹೂದಿ ರಬ್ಬಿಯಾಗಿಯೇ ಇದ್ದರು. ಆದರೆ ಸತ್ಯವಾದ ಮೆಚ್ಚುಗೆಯನ್ನು ಬಾಯಿಬಿಟ್ಟು ಹೇಳಲು ಅಂಜಲಿಲ್ಲ.

ಆರಾಧನಾಲಯದಲ್ಲಿ ಅವರು ಕಂಡ ದೃಶ್ಯ ಅವರಿಗೆ ಹಿಡಿಸಲಿಲ್ಲ. ಜನ ದಿಂಬಿಗೊರಗಿ, ಗೋಡೆಗೆ ಬೆನ್ನು ಕೊಟ್ಟು, ಮುಖ ಒಂದೊಂದು ದಿಕ್ಕಿಗೆ ಮಾಡಿ ಹರಟುತ್ತಾ ಕೂರುತ್ತಿದ್ದರು. ಅವರ ಬಳಗದವರು ಪ್ರಾರ್ಥನೆಗೆ ಮುಂಚೆ ಕೈಕಾಲು ತೊಳೆದು, ಸಾಲಾಗಿ ಬೈತುಲ್ ಮುಕದ್ದಸ್‌ನ ಕಡೆ ಮುಖ ಮಾಡಿ, ಮೊಣಕಾಲೂರಿ ಕುಳಿತು, ಕೈಗಳನ್ನೆತ್ತಿ ಬೇಡಿ, ಹಣೆ ನೆಲಕ್ಕಿಟ್ಟು ಸಾಷ್ಟಾಂಗವೆರಗುತ್ತಿದ್ದರು.

ಇದನ್ನು ನೋಡಿ ಹಲವರು ಸಿಟ್ಟಾದರು. ಇದು ಮುಸ್ಲಿಮರ ಅನುಕರಣೆ ಎಂದರು. ಇಬ್ರಾಹೀಮರ ಉತ್ತರ ಸರಳವಾಗಿತ್ತು. ಇದೆಲ್ಲ ನಮ್ಮ ಪ್ರವಾದಿಗಳೇ ಮಾಡುತ್ತಿದ್ದ ಕ್ರಮ, ನಮ್ಮ ಗ್ರಂಥಗಳಲ್ಲಿಯೇ ಇದೆ. ಇನ್ನೊಬ್ಬರು ಮಾಡುತ್ತಾರೆಂಬ ಒಂದೇ ಕಾರಣಕ್ಕೆ ಒಳ್ಳೆಯದೊಂದು ಕೆಟ್ಟದಾಗುವುದಿಲ್ಲ ಎಂಬುದು ಅವರ ವಾದದ ಸಾರ.

ವಿರೋಧಿಗಳು ಅಷ್ಟಕ್ಕೆ ಬಿಡಲಿಲ್ಲ. ನಾಯಕರು ಧರ್ಮದಲ್ಲಿ ಹೊಸತನ್ನು ತುರುಕುತ್ತಿದ್ದಾರೆಂದು ಸುಲ್ತಾನ್ ಅಲ್ ಆದಿಲ್‌ರಿಗೇ ದೂರು ಕೊಟ್ಟರು. ತಮ್ಮ ಪ್ರಾರ್ಥನೆ ಮುಸ್ಲಿಮರಂತಾಗುತ್ತಿದೆ ಎಂಬ ದೂರನ್ನು ಯಹೂದಿಗಳು ಮುಸ್ಲಿಂ ಸುಲ್ತಾನನ ಬಳಿಗೇ ಒಯ್ದದ್ದು ವಿಚಿತ್ರವೇ ಸರಿ. ಇಬ್ರಾಹೀಮ್ ತಾವು ಯಾರ ಮೇಲೂ ಒತ್ತಾಯ ಹೇರಿಲ್ಲ, ತಮ್ಮ ಮನೆಯ ಪ್ರಾರ್ಥನಾ ಸ್ಥಳದಲ್ಲಷ್ಟೇ ಇದನ್ನು ಆಚರಿಸುತ್ತಿದ್ದೇವೆ ಎಂದು ಉತ್ತರಿಸಿದರು. ಅವರ ಪರವಾಗಿ ಸುಮಾರು 200 ಮಂದಿ ಸಹಿ ಹಾಕಿದರು. ಕೈಯಲ್ಲಿ ಅಧಿಕಾರವಿದ್ದ ಮನುಷ್ಯ ತನಗೆ ಸರಿಯೆನಿಸಿದ್ದನ್ನು ತನ್ನ ಮನೆಯಿಂದ ಶುರು ಮಾಡಿದ್ದರು, ಜನರ ಮೇಲೆ ಹೇರಿರಲಿಲ್ಲ ಎಂಬುದು ನೆನಪಿಡಬೇಕಾದ ಮಾತು.

ಅವರ ಸುಧಾರಣೆ ಕೊನೆಗೂ ಸಾರ್ವತ್ರಿಕವಾಗಲಿಲ್ಲ. 1237ರಲ್ಲಿ ಐವತ್ತೊಂದರ ಆಸುಪಾಸಿನಲ್ಲಿ ಅವರು ತೀರಿಕೊಂಡರು. ಮಗ ದಾವೂದ್ ನಾಯಕರಾದರು, ಇನ್ನೊಬ್ಬ ಮಗ ಉಬೈದುಲ್ಲಾಹ್, ಅಂದರೆ ಹೀಬ್ರೂವಿನ ಓಬದ್ಯಾ, ತಂದೆಯ ದಾರಿಯಲ್ಲೇ ಆಧ್ಯಾತ್ಮಿಕ ಗ್ರಂಥ ಬರೆದರು. ಈ ಮನೆತನ ಸುಮಾರು ಎರಡು ಶತಮಾನ ಈಜಿಪ್ಟಿನ ಯಹೂದಿಗಳನ್ನು ಮುನ್ನಡೆಸಿತು.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಅದೇ ಗೆನೀಝಾ ಕೋಣೆಯಲ್ಲಿ ಒಬ್ಬ ಹೆಂಗಸಿನ ಪತ್ರವೂ ಇತ್ತು. ವಿದ್ವಾಂಸ ಗೊಯಿಟೈನ್ ಅದನ್ನು 20ನೇ ಶತಮಾನದಲ್ಲಿ ಪ್ರಕಟಿಸಿದರು. ಅದನ್ನು ಓದಿದ ಮೇಲೆ ಇಬ್ರಾಹೀಮರ ಬದುಕು ನನಗೆ ಇನ್ನಷ್ಟು ಚೆನ್ನಾಗಿ ಅರ್ಥವಾಯಿತು.

ಅದು 14ನೇ ಶತಮಾನದ ಪತ್ರ. ಆಗ ನಾಯಕರಾಗಿದ್ದವರು ಇಬ್ರಾಹೀಮರ ಮರಿಮಗನ ಮಗ, ಅವರ ಹೆಸರೂ ದಾವೂದ್. ಅವರೂ ಆಧ್ಯಾತ್ಮಿಕ ಒಲವಿನವರೇ. ಅವರಿಗೆ ಬರೆದ ಆ ಹೆಂಗಸು ತನ್ನ ಸ್ವಂತ ಹೆಸರನ್ನು ಹೇಳುವುದಿಲ್ಲ. ಗಂಟೆ ತಯಾರಿಸುವ ಬಸೀರನ ಹೆಂಡತಿ ಎಂದಷ್ಟೇ ಹೇಳಿಕೊಳ್ಳುತ್ತಾಳೆ. ಗಂಡ ಅಲ್ ಕೂರಾನಿ ಎಂಬ ಸೂಫಿಯ ಹಿಂದೆ ಬಿದ್ದು ಬೆಟ್ಟ ಹತ್ತಿ ಕುಳಿತಿದ್ದಾನೆ. ಅಲ್ಲಿನ ಫಕೀರರ ಜೊತೆ ಕಾಲ ಕಳೆಯುತ್ತಾನೆ. ಮೂರು ಮಕ್ಕಳು ಅವಳ ಕೊರಳಿಗೆ. ಒಂಟಿತನದಲ್ಲೂ ಮಕ್ಕಳ ಅನ್ನ ಹುಡುಕುವುದರಲ್ಲೂ ಅವಳು ಬೆಂದು ಹೋಗಿದ್ದಾಳೆ. ಈಗ ಮನೆ ಮಾರಿ ಎಲ್ಲರೂ ಬೆಟ್ಟಕ್ಕೆ ಹೋಗೋಣವೆಂದು ಪೀಡಿಸುತ್ತಿದ್ದಾನೆ. ಹಾಗಾದರೆ ಮಕ್ಕಳ ಓದು ನಿಲ್ಲುತ್ತದೆ. ಗಂಡ ಧರ್ಮವನ್ನೇ ಬಿಟ್ಟು, ಮಕ್ಕಳನ್ನೂ ಕರೆದೊಯ್ದರೆ ಎಂಬ ಭಯ ಬೇರೆ.

ಅವಳು ಕೇಳುವುದು ಇಷ್ಟೇ. ಅವನನ್ನು ಬೆಟ್ಟ ಹತ್ತದಂತೆ ತಡೆಯಿರಿ. ಅವನಿಗೆ ದೇವನನ್ನು ಆರಾಧಿಸಬೇಕಿದ್ದರೆ ಇಲ್ಲೇ ಆರಾಧನಾಲಯವಿದೆ, ಬೆಳಗ್ಗೆ, ಮಧ್ಯಾಹ್ನ, ಸಂಜೆ ಬಂದು ಪ್ರಾರ್ಥಿಸಲಿ, ಧರ್ಮಬೋಧನೆ ಕೇಳಲಿ, ಮಕ್ಕಳ ಮೇಲೆ ಕರುಣೆ ತೋರಲಿ. ಇಷ್ಟು ದೊಡ್ಡ ಸಂಕಟದ ಪತ್ರದ ಕೊನೆಯಲ್ಲಿ ತಾಯಿ ತಾಯಿಯೇ ಆಗುತ್ತಾಳೆ. ಮಗುವಿನ ಕಿವಿಯ ಕಾಯಿಲೆಗೆ ಏನಾದರೂ ಮದ್ದು ತಿಳಿಸಿ ಎಂದು ಕೇಳುತ್ತಾಳೆ.

ಸಹೋದರಿ, ಆರು ಶತಮಾನಗಳ ಹಿಂದಿನ ಆ ಹೆಣ್ಣಿನ ಧರ್ಮ ಬೇರೆ, ಭಾಷೆ ಬೇರೆ. ಅವಳ ದುಃಖ ನಮಗೆ ಹೊಸದೇ? ಸಾಲದ ಮನೆ, ಕಾಯಿಲೆಯ ಮಗು, ಶಾಲೆಯ ಫೀಸು ಎಲ್ಲವನ್ನೂ ಹೆಂಡತಿಯ ತಲೆಗೆ ಬಿಟ್ಟು ಪುಣ್ಯ ಗಳಿಸಲು ಹೊರಟ ಗಂಡಸರನ್ನು ನಾವು ನೋಡಿಲ್ಲವೇ? ಗಂಡನ ಭಕ್ತಿಯ ಬಗ್ಗೆ ದೂರಿದರೆ ತನ್ನ ಈಮಾನ್ ಬಗ್ಗೆಯೇ ಜನ ಸಂಶಯಪಡುತ್ತಾರೆಂದು ಬಾಯಿ ಮುಚ್ಚಿಕೊಂಡ ಹೆಂಗಸರೂ ನಮ್ಮ ನಡುವೆ ಇಲ್ಲವೇ? ಬಸೀರನ ಹೆಂಡತಿ ಬಾಯಿ ಮುಚ್ಚಲಿಲ್ಲ. ತನ್ನ ಸಮುದಾಯದ ಅತಿ ದೊಡ್ಡ ಮನುಷ್ಯನಿಗೇ ಪತ್ರ ಬರೆಯಿಸಿದಳು.

ಅವಳ ಪ್ರಶ್ನೆಗೆ ಉತ್ತರ ಆ ದಾವೂದರ ಪೂರ್ವಜರ ಬದುಕಿನಲ್ಲೇ ಇತ್ತೆಂದು ನನಗನಿಸುತ್ತದೆ. ಇಬ್ರಾಹೀಮ್ ಏಕಾಂತವನ್ನು ಬಹಳವಾಗಿ ಹೊಗಳಿದವರು. ಅದರಲ್ಲಿ ಎರಡು ಬಗೆಯಿದೆ ಎಂದು ಅವರು ವಿವರಿಸುತ್ತಾರೆ. ಜನರಿಂದ ದೂರ ಹೋಗಿ ಕೂರುವುದು ಹೊರಗಿನ ಏಕಾಂತ. ಮನಸ್ಸನ್ನು ದೇವನಲ್ಲದ ಎಲ್ಲದರಿಂದ ಬರಿದು ಮಾಡುವುದು ಒಳಗಿನ ಏಕಾಂತ. ಬೆಟ್ಟ ಹತ್ತಲು ಅವರಿಗಿಂತ ಹೆಚ್ಚು ಆಸೆ ಯಾರಿಗಿತ್ತು? ಆದರೂ ಮುಂಜಾನೆಯಾದರೆ ಅವರ ದಾರಿ ಆಸ್ಪತ್ರೆಗೆ. ಅಲ್ಲಿಂದ ಬಂದರೆ ವಿಧವೆಯರ, ಅನಾಥರ ಲೆಕ್ಕ. ತಮ್ಮ ಹಂಬಲವನ್ನು ರಾತ್ರಿಯ ಎಚ್ಚರಕ್ಕೂ ಗ್ರಂಥದ ಹಾಳೆಗೂ ಇಟ್ಟು, ಹಗಲನ್ನು ಜನರಿಗೆ ಕೊಟ್ಟರು.

ಅವರ ಮಹಾಗ್ರಂಥದ ಹೆಚ್ಚಿನ ಭಾಗ ನಾಶವಾಯಿತು. ಆದರೆ ಬಡವನಿಗೆ ಹಣ ಕೊಡಿಸಲು ಅವಸರದಲ್ಲಿ ಗೀಚಿದ ಆ ಚೀಟಿಗಳು ಉಳಿದುಕೊಂಡವು.

ಮುಂದಿನ ಸಲ ಮಗುವಿಗೆ ಜ್ವರವೆಂದು ರಾತ್ರಿಯಿಡೀ ಎಚ್ಚರವಿದ್ದು, ಇವತ್ತು ಎರಡು ರಕಅತ್ ಹೆಚ್ಚು ನಮಾಝ್ ಮಾಡಲಾಗಲಿಲ್ಲವಲ್ಲ ಎಂದು ನೀವು ಕೊರಗುವಾಗ ಆ ಚೀಟಿಗಳನ್ನು ನೆನಪಿಸಿಕೊಳ್ಳಿ. ಮನೆಯ ಗಂಡಸರಿಗೂ ಈ ಪುಟವನ್ನು ಓದಲು ಕೊಡಿ. ಬಸೀರನ ಹೆಂಡತಿಯ ಪತ್ರ ಇರುವ ಭಾಗವನ್ನು ಒಂದು ಪೆನ್ಸಿಲಿನಿಂದ ಗುರುತು ಮಾಡಿಯೇ ಕೊಡಿ.